ಗುಹೆ ಮತ್ತು ವೀಕ್ಷಣಾಲಯದ ಪ್ರವಾಸದಲ್ಲಿ ಅಪ್ಪನಿಗೆ ಆದ ಅವಮಾನ: ದೂರು

ಪ್ರವಾಸ ಸಂಸ್ಥೆಯ ವ್ಯವಸ್ಥಾಪಕರಿಗೆ,

ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ‘ನೋಟ್ ಮಾಡ್ಕೊಂಡಿದ್ದೀವಿ ಸರ್’ ಅಂದಿರಿ. ಐದನೇ ಸಲ ನಾನು ಹೆಸರು ಹೇಳುತ್ತಿದ್ದಂತೆ ಲೈನ್ ಕಟ್ ಆಯಿತು. ಅದಕ್ಕೇ ಈ ಪತ್ರ.

ಗುಹೆಯ ವಿಷಯ ಜಾಸ್ತಿ ಬೆಳೆಸುವುದಿಲ್ಲ. ಎರಡು ಗಂಟೆ ಅಂದದ್ದು 40 ನಿಮಿಷಕ್ಕೆ ಮುಗಿಯಿತು. ಚಾವಣಿಯಿಂದ ಇಳಿಬಿದ್ದ ಸುಣ್ಣದ ಕಲ್ಲನ್ನು ನಿಮ್ಮ ಗೈಡೇ ತಟ್ಟಿ ಸದ್ದು ಕೇಳಿಸಿದರು. ಮಕ್ಕಳಿಗೂ ಮುಟ್ಟಿ ನೋಡಲು ಹೇಳಿದರು. ಹನಿಹನಿ ನೀರಿನಿಂದ ಸಾವಿರಾರು ವರ್ಷ ಬೆಳೆದ ಕಲ್ಲು ಅದು. ಕೈಯ ಜಿಡ್ಡು ಅಂಟಿದ ಕಡೆ ಮತ್ತೆ ಸುಣ್ಣ ಸರಿಯಾಗಿ ಕೂರುವುದಿಲ್ಲ. ಮುಟ್ಟಬಾರದು ಅಂತ ನಿಮ್ಮ ಟಿಕೆಟ್ಟಿನ ಹಿಂದೆಯೇ ಅಚ್ಚಾಗಿದೆ, ಅಲ್ವಾ?

ಮನಸ್ಸಿಗೆ ನಾಟಿದ್ದು ರಾತ್ರಿಯ ಮಾತು. ಬಸ್ಸು ತಡವಾಗಿ ವೀಕ್ಷಣಾಲಯ ತಲುಪಿತು. ಬಸ್ಸಿನೊಳಗಿನ ದೀಪದ ಬೆಳಕಿನಿಂದ ಇಳಿಸಿ ನೇರವಾಗಿ ಸಾಲಿನಲ್ಲಿ ನಿಲ್ಲಿಸಿದರು. ನಿಮ್ಮ ಗೈಡ್ ಬಿಳಿ ಟಾರ್ಚ್ ಹಿಡಿದು ಒಬ್ಬೊಬ್ಬರ ಮುಖಕ್ಕೂ ಬಿಟ್ಟು ತಲೆ ಎಣಿಸಿದರು. ಆಮೇಲೆ ಟೆಲಿಸ್ಕೋಪಿನಲ್ಲಿ ನೋಡಲು ಅಪ್ಪನ ಸರದಿ. ಆಂಡ್ರೊಮಿಡಾ ಗ್ಯಾಲಕ್ಸಿ ನೋಡಬೇಕು ಅಂತ ಅವರು ವಾರದಿಂದ ಕಾದಿದ್ದರು.

‘ಕಾಣಿಸ್ತಾ ತಾತ?’

‘ಏನೂ ಕಾಣ್ತಿಲ್ಲಪ್ಪ. ಇನ್ನೊಂದು ನಿಮಿಷ ಕೊಡ್ತೀರಾ?’

‘ಕೊಟ್ರೂ ಅಷ್ಟೇ. ಮೊದಲು ಕಣ್ಣು ಡಾಕ್ಟ್ರಿಗೆ ತೋರಿಸಿ, ಆಮೇಲೆ ಗ್ಯಾಲಕ್ಸಿ ನೋಡೋಕೆ ಬನ್ನಿ. ನೆಕ್ಸ್ಟ್!’

ಸಾಲಿನಲ್ಲಿದ್ದವರು ನಕ್ಕರು. ಅಪ್ಪ ಹಿಂದಿದ್ದವರಿಗೆ ‘ಕ್ಷಮಿಸಿ’ ಅಂದು ಪಕ್ಕಕ್ಕೆ ಸರಿದರು. ತಪ್ಪು ಯಾರದು, ಕ್ಷಮೆ ಕೇಳಿದ್ದು ಯಾರು! ವಾಪಸ್ ಬರುವಾಗ ದಾರಿಯುದ್ದಕ್ಕೂ ಕನ್ನಡಕ ಒರೆಸುತ್ತಲೇ ಇದ್ದರು.

ಅವರ ಕಣ್ಣು ಚೆನ್ನಾಗಿದೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಮ್ಮೆ ಬಿಳಿ ಬೆಳಕು ಬಿದ್ದರೆ ಮತ್ತೆ ಮೊದಲಿಂದ ಶುರು. ಅದಕ್ಕೇ ಅಲ್ಲಿ ಕೆಂಪು ಟಾರ್ಚ್ ಮಾತ್ರ ಬಳಸಬೇಕು. ನಿಮ್ಮದೇ ನಿಯಮಗಳ ಹಾಳೆಯಲ್ಲಿ ಇದೂ ಇದೆ. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿ ಟೆಲಿಸ್ಕೋಪಿನಲ್ಲೂ ಹೊಗೆಯ ಎಳೆಯಂತೆ ಮಸುಕಾಗಿ ಕಾಣುತ್ತದೆ. ಟಾರ್ಚ್ ಬಿಟ್ಟ ಮೇಲೆ ಹತ್ತು ವರ್ಷದ ಹುಡುಗನಿಗೂ ಅದು ಕಾಣುವುದು ಕಷ್ಟ.

ನನಗೆ ಹಣ ವಾಪಸ್ ಬೇಡ. ಆ ಗೈಡ್ ಮನೆಗೆ ಬಂದು ಅಪ್ಪನ ಹತ್ತಿರ ಕ್ಷಮೆ ಕೇಳಬೇಕು. ಹದಿನೈದು ದಿನ ಕಾಯುತ್ತೇನೆ. ಬರದಿದ್ದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ. ಅಲ್ಲಿಗೇ ಬಿಡುವುದಿಲ್ಲ. ನಿಮ್ಮ ಮುಂದಿನ ಪ್ರವಾಸದ ದಿನ ಬಸ್ಸಿನ ಬಾಗಿಲ ಬಳಿ ನಿಂತು, ಹತ್ತುವ ಒಬ್ಬೊಬ್ಬರ ಕೈಗೂ ಈ ಪತ್ರದ ಪ್ರತಿ ಕೊಡುತ್ತೇನೆ.

ಇಂತಿ,
ಆ ಸಾಲಿನಲ್ಲಿ ಅಪ್ಪನ ಹಿಂದೆ ನಿಂತಿದ್ದ ಮಗ