ಹಳೆ ಬಸ್‌ಸ್ಟ್ಯಾಂಡ್ ಪೇಟೆಗೆ ಜನ ಮತ್ತೆ ನಡೆದು ಬರಲಿ: ಕಾಸರಗೋಡು ನಗರಸಭೆಗೆ ನಿವಾಸಿಗಳ ಮನವಿ

ಇವರಿಗೆ,
ಅಧ್ಯಕ್ಷರು ಮತ್ತು ಸರ್ವ ಸದಸ್ಯರು,
ನಗರಸಭೆ, ಕಾಸರಗೋಡು

ವಿಷಯ: ಹಳೆ ಪೇಟೆಯ ಚೇತರಿಕೆಗೆ ಗುರಿ ಗೊತ್ತುಮಾಡುವ ಬಗ್ಗೆ

ಮಾನ್ಯರೇ,

ನಾವು ಹಳೆ ಬಸ್‌ಸ್ಟ್ಯಾಂಡ್, ಎಂ.ಜಿ. ರೋಡ್, ಬ್ಯಾಂಕ್ ರೋಡ್ ಸುತ್ತಮುತ್ತ ವಾಸ ಇರುವವರು. ಕೆಲವರಿಗೆ ಇಲ್ಲೇ ಅಂಗಡಿಯೂ ಇದೆ. ಈ ಪೇಟೆಗೆ ಜೀವ ತುಂಬಲು ನೀವು ಗುರಿ ಹಾಕಿಕೊಳ್ಳುವಾಗ ಒಂದು ಮಾತು ನೆನಪಿಡಬೇಕು ಎಂದು ಕೇಳಿಕೊಳ್ಳುತ್ತೇವೆ. ಗುರಿಯನ್ನು ಜನರ ಲೆಕ್ಕದಲ್ಲಿ ಹಾಕಿ. ಎಷ್ಟು ಕೋಟಿ ಖರ್ಚಾಯಿತು, ಎಷ್ಟು ಮಾಳಿಗೆಯ ಕಟ್ಟಡ ಎದ್ದಿತು ಎನ್ನುವುದು ಆಮೇಲೆ ಇರಲಿ. ಸಂಜೆ ಏಳು ಗಂಟೆ ದಾಟಿದ ಮೇಲೆ ಈ ರಸ್ತೆಯಲ್ಲಿ ಎಷ್ಟು ಜನ ನಡೆಯುತ್ತಾರೆ, ಎಷ್ಟು ಅಂಗಡಿಯ ಶಟರ್ ತೆರೆದಿರುತ್ತದೆ, ಅದನ್ನು ಎಣಿಸಿ ಬರೆದಿಡಿ. ಬರುವ ವರ್ಷ ಅದೇ ತಿಂಗಳಲ್ಲಿ ಇನ್ನೊಮ್ಮೆ ಎಣಿಸಿ.

ಬದಿಯಡ್ಕ, ಮುಳ್ಳೇರಿಯ, ಬೋವಿಕ್ಕಾನ ಕಡೆಯಿಂದ ಬೆಳಗ್ಗಿನ ಬಸ್ಸಿಗೆ ಬಂದವರು ಇಲ್ಲೇ ಇಳಿದು, ಅಡಕೆ ಮಾರಿ, ಮಕ್ಕಳಿಗೆ ಬಟ್ಟೆ ತೆಗೆದು, ಹೋಟ್ಲಿನಲ್ಲಿ ಚಾ ತಿಂಡಿ ಮುಗಿಸಿ, ಕೊನೆಗೆ ಮಾರ್ಕೆಟಿನಿಂದ ಒಂದಿಷ್ಟು ಬಂಗುಡೆ ಕಟ್ಟಿಸಿಕೊಂಡು ಮಧ್ಯಾಹ್ನದ ಬಸ್ಸು ಹಿಡಿಯುತ್ತಿದ್ದ ಕಾಲವನ್ನು ನಮ್ಮಲ್ಲಿ ಹಿರಿಯರು ಕಣ್ಣಾರೆ ಕಂಡಿದ್ದಾರೆ. 1984ರ ಮೇ 24ರಂದು ಕಾಸರಗೋಡು ಜಿಲ್ಲೆ ಆಯಿತು. ಕಲೆಕ್ಟರ್ ಕಚೇರಿ ವಿದ್ಯಾನಗರದಲ್ಲಿ ಬಂತು. ಹೊಸ ಬಸ್‌ಸ್ಟ್ಯಾಂಡ್ ಬಂತು. ಈಗ ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆಗಿ, ಮೇಲ್ಸೇತುವೆಯೂ ಬಂದು, ದೂರ ಹೋಗುವ ಕಾರುಗಳಿಗೆ ಪೇಟೆಯ ಹಂಗೇ ಇಲ್ಲ. ಇದಕ್ಕೆಲ್ಲ ಯಾರನ್ನೂ ದೂರುವುದಿಲ್ಲ. ಊರು ಬೆಳೆಯುವಾಗ ಹೀಗೆ ಆಗುತ್ತದೆ. ಆದರೆ ಹಾದುಹೋಗುವವರು ತಪ್ಪಿದ ಮೇಲೆ, ಬೇಕೆಂದೇ ಬರುವವರನ್ನು ನಾವು ಸಂಪಾದಿಸಬೇಕು, ಅಲ್ವಾ?

ಅದಕ್ಕೆ ಮೊದಲ ಗುರಿ ಫುಟ್‌ಪಾತ್. ಹಳೆ ಬಸ್‌ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ ತನಕ ಒಬ್ಬ ಅಜ್ಜಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ ಹಿಡಿದುಕೊಂಡು, ಕಾಲ ಬುಡವನ್ನೇ ನೋಡಬೇಕಾಗದೆ, ಹೆದರದೆ ನಡೆಯುವಂತಾಗಬೇಕು. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಬೇರೆ ಊರಿನ ನಕ್ಷೆ ತಂದು ಇಲ್ಲಿ ಹಾಸಿದರೆ ಪ್ರಯೋಜನ ಇಲ್ಲ. ಚರಂಡಿ ಅಗಲ ಇರಬೇಕು, ಮೇಲಿನ ಸ್ಲಾಬ್ ಎತ್ತಿ ಕೆಸರು ತೆಗೆಯಲು ಬರುವಂತಿರಬೇಕು, ಅಂಗಡಿ ಸಾಲಿನ ಎದುರು ಮಳೆ ತಡೆಯುವ ಮಾಡು ಇರಬೇಕು. ಮಾಡು ಇದ್ದರೆ ಆಟಿ ತಿಂಗಳ ಜಡಿಮಳೆಗೂ ಜನ ನಿಲ್ಲುತ್ತಾರೆ. ನಿಂತವರು ಏನಾದರೂ ಕೊಳ್ಳುತ್ತಾರೆ. ಬೆಂಚು, ಬೆಳಕು, ಹೆಂಗಸರಿಗೆ ಶುಚಿಯಾದ ಶೌಚಾಲಯ ಇದರ ಜೊತೆಯಲ್ಲೇ ಬರಬೇಕು.

ಕಲ್ಲಿಕೋಟೆಯ ಮಿಠಾಯಿ ತೆರುವು ಎಂಬ ವ್ಯಾಪಾರದ ಬೀದಿಯನ್ನು ನೀವು ನೋಡಿರಬಹುದು. 2017ರಲ್ಲಿ ಅದನ್ನು ಹೊಸದಾಗಿ ಮಾಡಿ, ಹಗಲು ಹೊತ್ತು ವಾಹನ ಸಂಚಾರ ತಡೆದು, ನಡೆಯುವವರಿಗೆ ಬಿಟ್ಟರು. ವಾಹನ ಬರದಿದ್ದರೆ ವ್ಯಾಪಾರ ಹೋಗುತ್ತದೆ ಎಂದು ಅಲ್ಲಿನ ಅಂಗಡಿಯವರು ಹೆದರಿದ್ದರು. ನಮ್ಮ ಅಂಗಡಿಯವರಿಗೂ ಆ ಹೆದರಿಕೆ ಇದೆ. ಆದ್ದರಿಂದ ಒಮ್ಮೆಲೇ ರಸ್ತೆ ಮುಚ್ಚಿ ಎಂದು ನಾವು ಹೇಳುತ್ತಿಲ್ಲ. ಒಂದು ರಸ್ತೆ ಸಾಕು, ಭಾನುವಾರ ಸಂಜೆ ಮಾತ್ರ ಸಾಕು, ಮೂರು ತಿಂಗಳು ಮಾಡಿ ನೋಡೋಣ.

ಬೀದಿಬದಿ ವ್ಯಾಪಾರಿಗಳನ್ನು ಎಬ್ಬಿಸಿ ಪೇಟೆ ಚಂದ ಮಾಡುವುದು ಬೇಡವೇ ಬೇಡ. 2014ರ ಬೀದಿಬದಿ ವ್ಯಾಪಾರಿಗಳ ಕಾನೂನಿನಂತೆ ಮೊದಲು ಸಮೀಕ್ಷೆ ಆಗಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಶೇಕಡಾ ಅವರದೇ ಪ್ರತಿನಿಧಿಗಳು ಇರಬೇಕು. ಮಲ್ಲಿಗೆ, ಬಸಳೆ ಮಾರುವ ಅಕ್ಕಂದಿರು ಇಲ್ಲದೆ ಹೋದರೆ ಅದು ಯಾವ ಊರಿನ ಪೇಟೆಯೋ ಏನೋ.

ಮಾಲಿಕ್ ದೀನಾರ್ ಮಸೀದಿಗೆ, ಮಲ್ಲಿಕಾರ್ಜುನ ದೇವಸ್ಥಾನಕ್ಕೆ ದೂರದಿಂದ ಜನ ಬರುತ್ತಾರೆ. ತಳಂಗರೆ ಟೊಪ್ಪಿ, ಭೌಗೋಳಿಕ ಗುರುತು (ಜಿಐ) ಸಿಕ್ಕಿದ ಕಾಸರಗೋಡು ಸೀರೆ ಎರಡೂ ಸಿಗುವ ಒಂದು ಸಣ್ಣ ಮಳಿಗೆ ಪೇಟೆಯ ನಡುವೆ ಇದ್ದರೆ ಅವರು ಬರಿಗೈಯಲ್ಲಿ ಮರಳಲಾರರು.

ಇನ್ನು ಭಾಷೆಯ ವಿಷಯ. ನಮ್ಮಲ್ಲಿ ಒಬ್ಬರು ಕನ್ನಡದಲ್ಲಿ ಬರೆದು ಒಂದು ಕಚೇರಿಗೆ ಕೊಟ್ಟ ಅರ್ಜಿ ‘ಮಲಯಾಳದಲ್ಲಿ ಬರೆದು ತನ್ನಿ’ ಎಂದು ವಾಪಸು ಬಂದಿತ್ತು. ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾನೂನೇ ಇಲ್ಲಿನವರಿಗೆ ಕೊಟ್ಟಿದೆ. ಮಲಯಾಳದ ಮೇಲೆ ನಮಗೆ ಪ್ರೀತಿಯೇ ಇದೆ, ಮನೆಯಿಂದ ಹೊರಗೆ ಕಾಲಿಟ್ಟರೆ ತುಳು, ಮಲಯಾಳ, ಕನ್ನಡ, ಕೊಂಕಣಿ, ಬ್ಯಾರಿ ಎಲ್ಲ ಬೆರೆಸಿಯೇ ಮಾತಾಡುವವರು ನಾವು. ಹೊಸ ಬೋರ್ಡುಗಳಲ್ಲಿ ಕನ್ನಡವೂ ಇರಲಿ ಎಂದಷ್ಟೇ ಕೇಳುತ್ತೇವೆ.

2011ರ ಜನಗಣತಿಯಲ್ಲಿ ನಮ್ಮ ನಗರದ ಜನಸಂಖ್ಯೆ 54,172. ಒಂದು ಲಕ್ಷ ದಾಟದ ನಗರಗಳಲ್ಲಿ ವಾರ್ಡಿನ ಮತದಾರರೆಲ್ಲ ವಾರ್ಡ್ ಸಭೆಯ ಸದಸ್ಯರು. ಗುರಿಗಳ ಪಟ್ಟಿಯನ್ನು ಕೌನ್ಸಿಲ್ ಪಾಸು ಮಾಡುವ ಮೊದಲು ವಾರ್ಡ್ ಸಭೆಗಳಲ್ಲಿ ಎರಡೂ ಭಾಷೆಯಲ್ಲಿ ಓದಿ ಹೇಳಿ. ಪ್ರತಿ ಗುರಿಯ ಎದುರು ಒಂದು ತಾರೀಕು ಮತ್ತು ಹೊಣೆ ಯಾರದು ಎನ್ನುವುದು ಇರಲಿ.

ಎಣಿಸುವ ಕೆಲಸಕ್ಕೆ ನಾವೇ ಬರುತ್ತೇವೆ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳೂ ತಯಾರಿದ್ದಾರೆ. ಯಾವ ದಿನ, ಯಾವ ಮೂಲೆಯಲ್ಲಿ ನಿಲ್ಲಬೇಕು ಎಂದು ತಿಳಿಸಿದರೆ ಸಾಕು.

ಇಂತಿ ವಿಶ್ವಾಸಿಗಳು,
ಹಳೆ ಬಸ್‌ಸ್ಟ್ಯಾಂಡ್ ಪರಿಸರದ ನಿವಾಸಿಗಳು