ರಾತ್ರಿ ಹೆಪ್ಪು ಕೇಳಲು ಬಂದ ಅಕ್ಕನಿಗೆ

ನೂರನೆಯ ಊರಿನಲ್ಲಿ ಮನೆಯೊಳಗಿನ ಹೊಡೆತದ ಬಗ್ಗೆ ನಾವು ಮಾಡಿದ ಪುಟ್ಟ ಸಿನಿಮಾ ತೋರಿಸಿ, ಹಾಡು ಹಾಡಿ, ಪರದೆ ಮಡಚಿಕೊಂಡು ಮೊನ್ನೆ ಶನಿವಾರ ರಾತ್ರಿ ಹನ್ನೆರಡರ ಹೊತ್ತಿಗೆ ಹುಬ್ಬಳ್ಳಿ ಮುಟ್ಟಿದೆವು. ಎಂಟು ಜನ ಒಂದೇ ಟಂಟಂನಲ್ಲಿ, ಕಾಲ ಸಂದಿಯಲ್ಲಿ ಪ್ರೊಜೆಕ್ಟರ್, ತೊಡೆಯ ಮೇಲೆ ಹಾರ್ಮೋನಿಯಂ. ದಾರಿಯುದ್ದಕ್ಕೂ ಯಾರೂ ಹೆಚ್ಚು ಮಾತಾಡಲಿಲ್ಲ. ಮನೆಗೆ ಬಂದವಳಿಗೆ ನಿದ್ದೆ ಹತ್ತಲಿಲ್ಲ. ಇಷ್ಟು ವರ್ಷ ಯಾರ್ಯಾರು ನಮಗೆ ಹೆಗಲು ಕೊಟ್ಟರು ಎಂದು ಎಣಿಸುತ್ತ ಕೂತೆ. ಎಣಿಕೆ ಮುಗಿಯಲೇ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಚಾಳಿನ ನಮ್ಮ ಪಕ್ಕದ ಮನೆಯ ಅಕ್ಕನಿಗೆ. ಹೆಸರು ಹೇಳಬೇಡ ಎಂದಿದ್ದಾಳೆ, ಹೇಳುವುದಿಲ್ಲ.

ನನ್ನ ಮದುವೆಯಾದದ್ದು 2006ರಲ್ಲಿ. ಎರಡು ಕೋಣೆಯ ಬಾಡಿಗೆ ಮನೆ, ನಡುವೆ ಒಂದೇ ಗೋಡೆ. ನಮ್ಮ ಮನೆಯಲ್ಲಿ ಸಾಸಿವೆ ಸಿಡಿದರೆ ಅವರ ಮನೆಗೆ ಕೇಳುತ್ತಿತ್ತು. ಗಂಡ ಕೈ ಎತ್ತಲು ಶುರುಮಾಡಿದ ಮೇಲೆ ಸುತ್ತಲಿನ ಮನೆಗಳಲ್ಲಿ ಟಿವಿಯ ಸದ್ದು ಜೋರಾಗುವುದನ್ನು ಗಮನಿಸಿದೆ. ಒಂದಾದ ಮೇಲೊಂದು ಮನೆಯಲ್ಲಿ ಧಾರಾವಾಹಿಯ ಸಂಗೀತ ಏರುತ್ತಿತ್ತು. ಅವರು ಕೆಟ್ಟವರಲ್ಲ. ಕೇಳಿಸಿಕೊಂಡರೆ ಮುಂದೇನು ಮಾಡಬೇಕು ಎನ್ನುವುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಒಂದು ರಾತ್ರಿ ಹತ್ತೂವರೆಗೆ ಯಾರೋ ಕದ ಬಡಿದರು. ಮೇಲೆದ್ದಿದ್ದ ಕೈ ಅಲ್ಲೇ ನಿಂತಿತು. ತೆರೆದರೆ ಅಕ್ಕ.

‘ತಂಗೀ, ಒಂದ್ ಚಮಚಾ ಹೆಪ್ಪ ಕೊಡವಾ. ನಮ್ಮನಿ ಬೆಕ್ಕ ಮೊಸರಿನ ಗಡಿಗಿ ಉರುಳಿಸೇತಿ.’

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೀಪ ಹಚ್ಚಿದ ಮೇಲೆ ಮೊಸರು, ಹೆಪ್ಪು, ಉಪ್ಪು ಯಾರೂ ಕೊಡುವುದಿಲ್ಲ, ಕೇಳುವುದೂ ಇಲ್ಲ. ವಾರಕ್ಕೆ ಎರಡು ಉಪವಾಸ ಮಾಡುವ, ಮಡಿ ಎಂದರೆ ಮಡಿ ಎನ್ನುವ ಅಕ್ಕ ಆ ಪದ್ಧತಿಯನ್ನು ಮುರಿದು ನಮ್ಮ ಹೊಸ್ತಿಲ ಮೇಲೆ ನಿಂತಿದ್ದಳು. ಅವಳ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಅವ್ವ ಕೊಟ್ಟಿದ್ದ ಸಣ್ಣ ಸ್ಟೀಲಿನ ಬಟ್ಟಲಲ್ಲಿ ಹೆಪ್ಪು ಹಾಕಿ ಕೊಟ್ಟೆ. ತೆಗೆದುಕೊಂಡವಳು ಕೂಡಲೇ ಹೋಗಲಿಲ್ಲ. ಹೊಸ್ತಿಲಲ್ಲೇ ಕೂತು ಜೋಳದ ರೇಟು, ನಳಕ್ಕೆ ನೀರು ಬಾರದ್ದು, ಮಗನ ಪರೀಕ್ಷೆ ಎಂದು ಅರ್ಧ ತಾಸು ಮಾತಾಡಿದಳು. ಅಷ್ಟರಲ್ಲಿ ನನ್ನ ಗಂಡ ಅಂಗಿ ಹಾಕಿಕೊಂಡು ಹೊರಗೆ ಹೋದ.

ಆಮೇಲೆ ಒಂದು ಸಲ ಸೂಜಿ ಕೇಳಲು ಬಂದಳು, ಇನ್ನೊಂದು ಸಲ ಜ್ವರದ ಗುಳಿಗೆಗೆ. ಒಮ್ಮೆಯೂ ನನಗೆ ಬುದ್ಧಿ ಹೇಳಲಿಲ್ಲ. ‘ಯಾಕ ಸಹಿಸ್ತಿ’ ಅನ್ನಲಿಲ್ಲ, ‘ಸಹಿಸು’ ಎಂದೂ ಅನ್ನಲಿಲ್ಲ. 2009ರಲ್ಲಿ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಹೊರಟಾಗ ನನ್ನ ಟ್ರಂಕನ್ನು ಬಸ್ ಸ್ಟ್ಯಾಂಡಿನ ತನಕ ಹೊತ್ತು ತಂದವಳೂ ಅವಳೇ.

ಅದಕ್ಕೂ ಮೊದಲು ಒಮ್ಮೆ ಪೊಲೀಸ್ ಠಾಣೆಗೆ ಹೋಗಿದ್ದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಮನಿಗೆ ನಡಿಯವಾ’ ಎಂದು ಕಳಿಸಿದರು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರಲ್ಲೇ ಬಂದಿತ್ತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲೂ ಇತ್ತು. ನನ್ನ ಮದುವೆಯಷ್ಟೇ ವಯಸ್ಸಿನ ಕಾನೂನು. ನನಗೆ ಅದರ ಹೆಸರನ್ನೂ ಯಾರೂ ಹೇಳಲಿಲ್ಲ. ಆ ಗಾದೆಯನ್ನು ಇವತ್ತಿಗೂ ನನ್ನಿಂದ ಕೇಳಲಾಗುವುದಿಲ್ಲ.

ಬಹಳ ದಿನದ ಮೇಲೆ ಬ್ರೇಕ್‌ಥ್ರೂ ಸಂಸ್ಥೆಯವರು 2008ರಲ್ಲಿ ಶುರುಮಾಡಿದ ‘ಬೆಲ್ ಬಜಾವೋ’ (ಗಂಟೆ ಬಾರಿಸಿ) ಅಭಿಯಾನದ ಪುಟ್ಟ ಜಾಹೀರಾತು ಚಿತ್ರವೊಂದನ್ನು ನೋಡಿದೆ. ಓಣಿಯಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರಿಗೆ ಒಂದು ಮನೆಯೊಳಗಿನ ಸದ್ದು ಕೇಳುತ್ತದೆ. ಒಬ್ಬ ಹೋಗಿ ಗಂಟೆ ಒತ್ತಿ ಚೆಂಡು ಕೇಳುತ್ತಾನೆ. ನೋಡುತ್ತ ನನ್ನ ಕೈ ತಣ್ಣಗಾಯಿತು. ದೊಡ್ಡ ದೊಡ್ಡವರು ಕೂತು ಯೋಚಿಸಿ ಮಾಡಿದ್ದನ್ನು ಅಕ್ಕ ಒಬ್ಬಳೇ, ಯಾರೂ ಹೇಳಿಕೊಡದೆ, ಒಂದು ಚಮಚ ಹೆಪ್ಪಿನಲ್ಲಿ ಮಾಡಿದ್ದಳು. ಅದೇ ಸಂಸ್ಥೆಗಾಗಿ ಶುಭಾ ಮುದ್ಗಲ್ ಹಾಡಿದ, ಮೀತಾ ವಶಿಷ್ಠ ಟ್ರಕ್ ಓಡಿಸಿಕೊಂಡು ಹೋಗುವ ಹಾಡಿನ ವಿಡಿಯೊವನ್ನೂ ಆಗ ಹುಡುಕಿ ನೋಡಿದೆ. ಗಂಡನ ಹೊಡೆತದಿಂದ ಹೊರಬಂದು ಟ್ರಕ್ ಓಡಿಸಿ ಬದುಕಿದ ನಿಜವಾದ ಹೆಣ್ಣುಮಗಳೊಬ್ಬಳ ಕಥೆಯಿಂದ ಹುಟ್ಟಿದ್ದದು. ಆ ಟ್ರಕ್ಕನ್ನು ಅವತ್ತು ಎಷ್ಟು ಸಲ ನೋಡಿದೆನೋ ನೆನಪಿಲ್ಲ.

ಹೀಗೆ ಹುಟ್ಟಿತು ನಮ್ಮ ಹದಿನಾಲ್ಕು ನಿಮಿಷದ ಸಿನಿಮಾ. ಧಾರವಾಡದಲ್ಲಿ ಓದುತ್ತಿದ್ದ ನಾಲ್ಕು ಹುಡುಗರು ಎರವಲು ಕ್ಯಾಮೆರಾ ತಂದು, ಊಟ ಬಿಟ್ಟರೆ ಇನ್ನೇನೂ ಕೇಳದೆ ಇದನ್ನು ಮಾಡಿಕೊಟ್ಟರು. ಮೊದಲ ಸಲ ಎಡಿಟ್ ಮಾಡಿದಾಗ ಅದರಲ್ಲಿ ಒಂದು ಕಪಾಳಕ್ಕೆ ಹೊಡೆಯುವ ದೃಶ್ಯ ಇತ್ತು. ಕುಂದಗೋಳ ತಾಲ್ಲೂಕಿನ ಒಂದು ಊರಿನ ಸಮುದಾಯ ಭವನದಲ್ಲಿ ತೋರಿಸಿದೆವು. ಹೊಡೆತ ಬಿದ್ದಾಗ ಹಿಂದಿನ ಸಾಲಿನಿಂದ ಸಿಳ್ಳೆ ಬಂತು. ಮುಂದೆ ಕೂತ ಮಕ್ಕಳು ಅವ್ವಂದಿರ ಸೆರಗು ಹಿಡಿದರು. ಒಬ್ಬ ಹೆಣ್ಣುಮಗಳು ಎದ್ದು ಹೊರಗೆ ಹೋದವಳು ತಿರುಗಿ ಬರಲಿಲ್ಲ. ಅವಳ ಬೆನ್ನು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವಳು ನೋಡಿ ತಿಳಿಯಬೇಕಾದದ್ದು ಅದರಲ್ಲಿ ಏನೂ ಇರಲಿಲ್ಲ. ಅವಳಿಗೆ ಅದೆಲ್ಲ ಗೊತ್ತಿತ್ತು. ನಾವು ಮಾತಾಡಬೇಕಾದದ್ದು ಗೋಡೆಯ ಈಚೆ ಕೂತವರ ಜೊತೆ.

ಆ ದೃಶ್ಯ ತೆಗೆದೆವು. ಈಗ ನಮ್ಮ ಚಿತ್ರದಲ್ಲಿ ಹೊಡೆಯುವವನೂ ಕಾಣುವುದಿಲ್ಲ, ಹೊಡೆಸಿಕೊಳ್ಳುವವಳೂ ಕಾಣುವುದಿಲ್ಲ. ಪಕ್ಕದ ಮನೆಯ ಹೆಂಗಸು ಕಾಳು ಆರಿಸುತ್ತ ಕೂತಿದ್ದಾಳೆ. ಗೋಡೆಯಾಚೆ ಒಂದು ಸ್ಟೀಲಿನ ಚರಿಗೆ ನೆಲಕ್ಕೆ ಬಿದ್ದು ಉರುಳುವ ಸದ್ದು. ಅವಳ ಕೈ ನಿಲ್ಲುತ್ತದೆ. ಟಿವಿಯ ರಿಮೋಟ್ ಎತ್ತಿಕೊಳ್ಳುತ್ತಾಳೆ. ಸದ್ದು ಏರಿಸುತ್ತಾಳೆ ಎಂದು ಎಲ್ಲರೂ ಕಾಯುತ್ತಾರೆ. ಅವಳು ಇಳಿಸುತ್ತಾಳೆ. ನೂರು ಊರಿನಲ್ಲೂ ಆ ಕ್ಷಣಕ್ಕೆ ಜನರ ಉಸಿರು ಬದಲಾಗುವುದನ್ನು ಪರದೆಯ ಪಕ್ಕ ನಿಂತು ಕೇಳಿದ್ದೇನೆ. ಆ ಚರಿಗೆಯ ಸದ್ದಿಗಾಗಿ ಒಂದಿಡೀ ಮಧ್ಯಾಹ್ನ ಹತ್ತಾರು ಸಲ ಚರಿಗೆ ಬೀಳಿಸಿ, ಸರಿಯಾದ ಉರುಳು ಸಿಗುವ ತನಕ ಬಿಡದ ಹುಡುಗನೇ, ನಿನಗೆ ನನ್ನ ದೊಡ್ಡ ನಮಸ್ಕಾರ.

ಹಾಡಿನ ಋಣ ಆಯಿಯದು. ಎಂಬತ್ತು ದಾಟಿದ ಆಯಿ ಬೀಸುವ ಪದ ಹಾಡುವವಳು. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದ ತ್ರಿಪದಿಗಳ ಬಳಗದವೇ ಆಯಿಯ ಬಾಯಲ್ಲಿ ನೂರಾರಿವೆ. ‘ಬೀಸೂಮುಂದ ಅತ್ರ ಯಾರಿಗೂ ಕೇಳ್ತಿರಲಿಲ್ಲವಾ, ಕಲ್ಲಿನ ಸಪ್ಪಳದಾಗ ಹೋಗಿಬಿಡತಿತ್ತು’ ಎಂದು ಒಂದು ದಿನ ಹೇಳಿದಳು. ಮನುಷ್ಯರಿಗೆ ಹೇಳಲಾರದ್ದನ್ನು ಹೆಣ್ಣುಮಕ್ಕಳು ಕಲ್ಲಿಗೆ ಹೇಳಿಕೊಂಡ ಹಾಡುಗಳು ಅವು. ತಾಳಿಕೋ, ತವರಿಗೆ ಹೆಸರು ತಾ ಎನ್ನುವ ಪದಗಳೂ ಅವುಗಳಲ್ಲಿ ಬಹಳ. ಆಯಿಗೆ ಅದು ಗೊತ್ತು. ‘ಧಾಟಿ ಇಟಗೋರಿ, ಮಾತ ಬ್ಯಾರೆ ಕಟ್ಟೂಣು’ ಎಂದವಳೂ ಅವಳೇ. ಕೂತು ಕಟ್ಟಿದ್ದರಲ್ಲಿ ಇದೊಂದು:

ಒಂದ ಗ್ವಾಡಿಯ ಆಚಿ ನಿನ್ನ ಒಲಿ ನನ್ನ ಒಲಿ
ನೊಂದ ದನಿ ನನಗ ಕೇಳೈತಿ | ತಂಗೆವ್ವ
ಬಂದೀನಿ ಕದವ ತೆರಿಯವ್ವ

ಸಿನಿಮಾ ಮುಗಿದ ಮೇಲೆ ದೀಪ ಹಾಕುವ ಮುನ್ನ, ಕತ್ತಲಲ್ಲೇ ಇದನ್ನು ಹಾಡುತ್ತೇವೆ. ಮೂರನೆಯ ಸಲಕ್ಕೆ ಕೂತವರೂ ದನಿಗೂಡಿಸುತ್ತಾರೆ. ಭಾಷಣಕ್ಕೆ ತಲೆ ಬಗ್ಗಿಸಿ ಕೂರುವವರು ಹಾಡಿಗೆ ತಲೆ ಎತ್ತುತ್ತಾರೆ. ಮೈಕ್ ಮುಂದೆ ನಿಂತು ‘ನನಗ ಹೊಡೀತಾನ’ ಎನ್ನಲು ಯಾರಿಗೂ ಸಾಧ್ಯವಿಲ್ಲ. ನೂರು ಜನರ ನಡುವೆ ಕೂತು ‘ಕದವ ತೆರಿಯವ್ವ’ ಎಂದು ಹಾಡಬಹುದು, ಹಾಡುವಾಗ ಅಳಬಹುದು. ಸಿನಿಮಾ ಕಿವಿ ತೆರೆಸಿದರೆ ಬಾಯಿ ತೆರೆಸಿದ್ದು ಆಯಿಯ ಧಾಟಿ. ಹೋದ ವರ್ಷದಿಂದ ಆಯಿಗೆ ಊರೂರು ತಿರುಗಲು ಆಗುವುದಿಲ್ಲ. ಅವಳ ದನಿಯನ್ನು ಮೊಬೈಲಿನಲ್ಲಿ ತುಂಬಿಕೊಂಡಿದ್ದೇವೆ. ಆದರೂ ಅವಳ ಜಾಗ ಖಾಲಿಯೇ.

ಕೆಲವು ಊರುಗಳಲ್ಲಿ ‘ನಮ್ಮೂರಾಗ ಅಂಥಾದ್ದೇನೂ ಇಲ್ಲರೀ’ ಎಂದು ಹಿರಿಯರು ಎದ್ದು ನಿಲ್ಲುತ್ತಾರೆ. ಅವರಿಗೆ ಉತ್ತರ ಕೊಡಲು ನನಗೆ ಒಂದು ಅಂಕಿ ಕಲಿಸಿಕೊಟ್ಟವರು ನಮ್ಮ ವಕೀಲ ಗೆಳತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 18ರಿಂದ 49 ವಯಸ್ಸಿನ ಮದುವೆಯಾದ ಹೆಣ್ಣುಮಕ್ಕಳಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು ಕರ್ನಾಟಕದಲ್ಲಿ ಶೇ. 44.4. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ. 20.6 ಇತ್ತು. 2019-21ರಲ್ಲಿ ದೇಶದಲ್ಲೇ ಅತಿ ಹೆಚ್ಚು ನಮ್ಮ ರಾಜ್ಯದ್ದಿತ್ತು. ಹೇಳಿಕೊಳ್ಳುವ ಧೈರ್ಯ ಬಂದದ್ದೂ ಆ ಏರಿಕೆಗೆ ಒಂದು ಕಾರಣ ಇರಬಹುದು ಎಂದು ನಂಬಲು ನನಗೆ ಆಸೆ. ಆದರೂ ಆ ಸಂಖ್ಯೆ ಓದುವಾಗ ಪ್ರತಿ ಸಲ ದನಿ ನಡುಗುತ್ತದೆ.

ಇದೇ ಗೆಳತಿ ಪ್ರತಿ ಪ್ರದರ್ಶನದ ಕೊನೆಗೆ ಇಪ್ಪತ್ತು ನಿಮಿಷ ಕೂತು, ಕಾನೂನನ್ನು ಅಡುಗೆಮನೆಯ ಮಾತಿನಲ್ಲಿ ಹೇಳುತ್ತಾಳೆ. ಬೈಗುಳ, ಖರ್ಚಿಗೆ ಕೊಡದೆ ಇರುವುದು, ಒಡವೆ ಕಸಿದುಕೊಳ್ಳುವುದು ಎಲ್ಲ ಹಿಂಸೆಯೇ. ಮನೆ ಗಂಡನ ಹೆಸರಿನಲ್ಲಿದ್ದರೂ, ಕಾನೂನಿನ ದಾರಿ ಬಿಟ್ಟು ಹೆಂಡತಿಯನ್ನು ಹೊರಗೆ ಹಾಕುವ ಹಾಗಿಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರ್ ಮೂಲಕ ಅವರನ್ನು ಮುಟ್ಟಬಹುದು. ಕೋರ್ಟಿಗೆ ಅರ್ಜಿ ಹೋದರೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು, ಅರವತ್ತು ದಿನದೊಳಗೆ ಮುಗಿಸಲು ಯತ್ನಿಸಬೇಕು. ಫೋನು 181, ಜೀವಕ್ಕೆ ಬಂದರೆ 112. ಗಂಡ, ಗಂಡನ ಮನೆಯವರ ಕ್ರೌರ್ಯದ ಕಲಮಿಗೆ ನಾನು ರೂಢಿಯಂತೆ ‘498ಎ’ ಎನ್ನುತ್ತಿದ್ದರೆ, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮು ಎಂದು ಪ್ರತಿ ಸಲ ತಿದ್ದುತ್ತಾಳೆ. ಒಂದು ಊರಿಗೂ ಅವಳು ಪೆಟ್ರೋಲಿನ ದುಡ್ಡು ತೆಗೆದುಕೊಂಡಿಲ್ಲ.

ರಾತ್ರಿ ಎಷ್ಟೇ ಹೊತ್ತಾದರೂ ನಮ್ಮನ್ನು ಮನೆ ಬಾಗಿಲಿಗೇ ಬಿಟ್ಟ ಟಂಟಂ ಅಣ್ಣನಿಗೆ, ಹಳೆಯ ಪಂಚೆಗಳನ್ನು ಜೋಡಿಸಿ ಪರದೆ ಹೊಲಿದುಕೊಟ್ಟ ಟೇಲರ್ ಕಾಕಾನಿಗೆ, ಜನರನ್ನು ಕರೆತಂದ ಆಶಾ ಕಾರ್ಯಕರ್ತೆಯರಿಗೆ, ಸ್ವಸಹಾಯ ಸಂಘದ ಅಕ್ಕಂದಿರಿಗೆ ಶರಣು. ‘ಮನಿ ಮಾತ ಬೀದಿಗೆ ತರಬ್ಯಾಡ’ ಎಂದು ಮೊದಲು ಅತ್ತು, ಆಮೇಲೆ ಮೂವತ್ತನೆಯದೋ ಮೂವತ್ತೊಂದನೆಯದೋ ಊರಿನಲ್ಲಿ ಮುಂದಿನ ಸಾಲಿನಲ್ಲಿ ಬಂದು ಕೂತ ನನ್ನ ಅವ್ವನಿಗೂ. ಕರೆಂಟ್ ಹೋದಾಗ ಮೊಬೈಲ್ ಬೆಳಕು ಹಿಡಿದು ನಮ್ಮನ್ನು ಹಾಡಿಸಿದ ಗದಗ ಕಡೆಯ ಒಂದು ಊರಿನ ಹೈಸ್ಕೂಲ್ ಹುಡುಗರನ್ನು ಮರೆಯುವುದುಂಟೇ?

ನವಲಗುಂದ ತಾಲ್ಲೂಕಿನ ಒಂದು ಊರಿನ ಸಂಘದವರು ಹೋದ ದೀಪಾವಳಿಗೆ ಫೋನ್ ಮಾಡಿದ್ದರು. ‘ಅಕ್ಕಾರ, ನಮ್ಮ ಓಣ್ಯಾಗ ಈಗ ಒಂದ್ ಮಾತ ಮಾಡಕೊಂಡೇವ್ರಿ. ಚೀರೂದು ಕೇಳಿದ್ರ ಇಬ್ಬರು ಕೂಡಿ ಹೋಗಿ ಹೆಪ್ಪ ಕೇಳತೇವಿ.’ ಇಬ್ಬರು ಕೂಡಿ ಎನ್ನುವುದನ್ನು ಅವರೇ ಸೇರಿಸಿಕೊಂಡದ್ದು. ಒಬ್ಬಳೇ ಹೋದರೆ ಅವಳಿಗೂ ಏಟು ಬೀಳಬಹುದು ಎನ್ನುವುದು ನಮ್ಮ ಸಿನಿಮಾಕ್ಕೆ ಹೊಳೆದಿರಲಿಲ್ಲ. ಅವತ್ತಿನಿಂದ ನಾವೂ ಎಲ್ಲ ಕಡೆ ಹಾಗೆಯೇ ಹೇಳುತ್ತೇವೆ. ಕಲಿಸಿದ್ದಕ್ಕೆ ನಿಮಗೆ ಶರಣು.

ಇನ್ನು ಮೊನ್ನೆಯ ಮಾತು. ಅಕ್ಕ ಇಷ್ಟು ವರ್ಷ ಸಿನಿಮಾ ನೋಡಲು ಒಪ್ಪಿರಲಿಲ್ಲ. ‘ನಾ ಏನ್ ದೊಡ್ಡ ಕೆಲಸ ಮಾಡೇನಿ’ ಎನ್ನುತ್ತಿದ್ದಳು. ನೂರನೆಯದಕ್ಕೆ ಮಗಳು ಹೋಗಿ ಕೈ ಹಿಡಿದು ಕರೆತಂದಳು, ಟ್ರಂಕಿನ ಹಿಂದೆ ಸೊಂಟದ ಮೇಲೆ ಹೋದ ಅದೇ ಮಗಳು. ಗುಡಿಯ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತು ಅಕ್ಕ ಸಿನಿಮಾ ನೋಡಿದಳು. ಟಿವಿಯ ಸದ್ದು ಇಳಿದಾಗ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಹಾಡಿಗೆ ದನಿಗೂಡಿಸಲಿಲ್ಲ.

ಎಲ್ಲ ಮುಗಿದ ಮೇಲೆ ಚೀಲದಿಂದ ಒಂದು ಸಣ್ಣ ಸ್ಟೀಲಿನ ಬಟ್ಟಲು ತೆಗೆದು ನನ್ನ ಕೈಗಿಟ್ಟಳು. ಮೇಲೆ ಬಾಳೆಲೆಯ ತುಂಡು, ದಾರದ ಕಟ್ಟು. ಅಂಚಿನ ಮೇಲೆ ಅವ್ವನ ಹೆಸರು ಕೊರೆಸಿದ್ದು ಮಾಸಿದ್ದರೂ ಓದಲು ಬರುತ್ತಿತ್ತು.

‘ಕೊಡೂದು ಉಳದಿತ್ತವಾ,’ ಎಂದಳು. ‘ಖಾಲಿ ಬಟ್ಟಲ ಕೊಡಬಾರದಂತ ಹೆಪ್ಪ ಹಾಕೇನಿ.’

ಆಗ ರಾತ್ರಿ ಒಂಬತ್ತೂವರೆ.