ಮಗಳಿಗೊಂದು ಪತ್ರ: ಕೆಂಪು ನೂಲಿನ ಊರು

ಪ್ರೀತಿಯ ಪುಟ್ಟಿ,

ಜೂನ್‌ನಲ್ಲಿ ಗೆಳತಿಯರ ಜೊತೆ ಗ್ರೀಸಿಗೆ ಹೋಗಿ ಬರ್ತೀವಿ, ಬಂದ ಮೇಲೆ ನಾಲ್ವರೂ ಸೇರಿ ಕಂಪನಿ ಶುರು ಮಾಡ್ತೀವಿ ಅಂತ ಒಂದೇ ಉಸಿರಿಗೆ ಹೇಳಿಬಿಟ್ಟೆ. ನಿನ್ನಪ್ಪ ಬಂಡವಾಳದ ಲೆಕ್ಕ ಕೇಳಿದರು. ನಾನು ಕೇಳಬೇಕಾದ್ದು ಬೇರೆ ಇತ್ತು. ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅಥೆನ್ಸ್ ನೋಡಿ, ಸಮುದ್ರ ನೋಡಿ. ಒಂದು ದಿನ ಮಾತ್ರ ಅಂಬೆಲಾಕಿಯಾ ಅನ್ನೋ ಊರಿಗೆ ಇಟ್ಟುಕೊಳ್ಳಿ. ಥೆಸಲಿ ಪ್ರಾಂತ್ಯದ ಲಾರಿಸಾದಿಂದ ಹೆಚ್ಚು ದೂರವಿಲ್ಲ. ಕೆಳಗೆ ಟೆಂಪಿ ಕಣಿವೆ, ಅದರಲ್ಲಿ ಪಿನಿಯೋಸ್ ನದಿ. ಆಚೆ ಕಡೆ ಒಲಿಂಪಸ್, ಈಚೆ ಕಡೆ ಕಿಸ್ಸಾವೋಸ್ ಬೆಟ್ಟ. ಹಳಬರು ಇದನ್ನೇ ಓಸಾ ಅನ್ನುತ್ತಿದ್ದರು. ಆ ಬೆಟ್ಟದ ಇಳಿಜಾರಿನಲ್ಲಿದೆ ಊರು. ಈಗ ಸಣ್ಣ ಹಳ್ಳಿ, ಒಂದು ಚೌಕ, ಕಲ್ಲು ಹಾಸಿದ ಓಣಿಗಳು. ಆದರೆ 18ನೇ ಶತಮಾನದ ಕೊನೆಯಲ್ಲಿ ಇದೇ ಹಳ್ಳಿಯ ನೂಲು ನೀನು ಈಗಿರುವ ಲೈಪ್‌ಜಿಗ್‌ಗೆ ಬರುತ್ತಿತ್ತು ಗೊತ್ತಾ? ವಿಯೆನ್ನಾ, ಪೆಸ್ಟ್, ಡ್ರೆಸ್ಡೆನ್, ಬೈರೂಯ್ಟ್, ಎಲ್ಲ ಕಡೆ ಇವರ ವ್ಯಾಪಾರವಿತ್ತು. ಆಗ ಥೆಸಲಿ ಇನ್ನೂ ತುರ್ಕಿಯ ಸುಲ್ತಾನನ ಕೈಯಲ್ಲಿತ್ತು. 1881ರವರೆಗೂ ಅದು ಗ್ರೀಸಿಗೆ ಸೇರಿರಲಿಲ್ಲ.

ಅವರ ಬಂಡವಾಳ ಒಂದೇ ಒಂದು ಬಣ್ಣ, ಕೆಂಪು. ಎಷ್ಟು ಒಗೆದರೂ ಬಿಡದ, ಬಿಸಿಲಿಗೂ ಮಾಸದ ಕೆಂಪು. ಯುರೋಪಿನವರು ಅದನ್ನು ತುರ್ಕಿ ಕೆಂಪು ಅನ್ನುತ್ತಿದ್ದರು. ನಮ್ಮ ಮಂಜಿಷ್ಠದ ಜಾತಿಯದೇ ಒಂದು ಗಿಡ, ಅದರ ಬೇರಿನಿಂದ ಈ ಬಣ್ಣ. ಬೇರು ಕುದಿಸಿ ನೂಲು ಅದ್ದಿದರೆ ಆಯ್ತು ಅಂದುಕೊಳ್ಳಬೇಡ. ಹತ್ತಿಗೆ ಬಣ್ಣ ಅಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಮೊದಲು ನೂಲಿನ ಲಡಿಗಳನ್ನು ಸೋಡಾ ಕ್ಷಾರದ ನೀರಿನಲ್ಲಿ ಕುದಿಸಬೇಕು. ಆಮೇಲೆ ಆಲಿವ್ ಎಣ್ಣೆ, ಕುರಿ ಹಿಕ್ಕೆ, ಸೋಡಾ ಕಲಸಿದ ನೀರಿನಲ್ಲಿ ನೆನೆಸಿ, ಹಿಂಡಿ, ಬಿಸಿಲಿಗೆ ಹಾಕಬೇಕು. ಒಣಗಿತಾ, ಮತ್ತೆ ಅದೇ ನೀರು, ಮತ್ತೆ ಬಿಸಿಲು. ಹೀಗೆ ಎಷ್ಟೋ ಸಲ. ನಂತರ ಪಟಿಕದ ನೀರು. ಅದಾದ ಮೇಲೆ ಬೇರಿನ ಪುಡಿ ಹಾಕಿದ ಹಂಡೆ, ಅದಕ್ಕೆ ದನದ ರಕ್ತ. ಕೊನೆಗೆ ಸೋಪಿನ ನೀರಲ್ಲಿ ಕುದಿಸಿದಾಗ ಕಂದು ಹೋಗಿ ಕೆಂಪು ಎದ್ದು ಬರುತ್ತದೆ. ವಾರಗಟ್ಟಲೆ ಹಿಡಿಯುವ ಕೆಲಸ. ವಾಸನೆ ಹೇಗಿದ್ದಿರಬೇಕು ಅಂತ ನಾನು ಊಹಿಸಬಲ್ಲೆ. ಬಣ್ಣದ ಹಂಡೆಗಳ ಪಕ್ಕದಲ್ಲೇ ಕೂತು ನೇಕಾರರ ಸಂಘದ ಲೆಕ್ಕ ಬರೆದವಳು ನಾನು, ಆದರೆ ನಮ್ಮಲ್ಲಿ ಹಿಕ್ಕೆಯೂ ಇರಲಿಲ್ಲ, ರಕ್ತವೂ ಇರಲಿಲ್ಲ, ಪುಣ್ಯ.

ಥೆಸಲೊನೀಕಿಯಲ್ಲಿ ಫ್ರಾನ್ಸಿನ ಕಾನ್ಸುಲ್ ಆಗಿದ್ದ ಫೆಲಿಕ್ಸ್ ಬೋಜೂರ್ ಈ ಊರಿನ ಬಗ್ಗೆ 1800ರಲ್ಲಿ ಬರೆದ. ನೋಡಿದರೆ ಇದು ತುರ್ಕಿಯ ಹಳ್ಳಿ ಅನ್ನಿಸೋದಿಲ್ಲ, ಹಾಲೆಂಡಿನ ಪಟ್ಟಣ ಅನ್ನಿಸುತ್ತದೆ ಅಂತ ಅವನ ಮಾತು. ಅವನು ಕೊಟ್ಟ ಲೆಕ್ಕ: 4000 ಜನ, 24 ಬಣ್ಣದ ಕಾರ್ಖಾನೆ, ವರ್ಷಕ್ಕೆ 2500 ಬೇಲು ನೂಲು. ಒಂದೊಂದು ಬೇಲು ಸುಮಾರು 128 ಕಿಲೋ. ಹೆಂಗಸರು ಹತ್ತಿ ಹಸನು ಮಾಡಿ ನೂಲುತ್ತಿದ್ದರು, ಗಂಡಸರು ಬಣ್ಣ ಹಾಕುತ್ತಿದ್ದರು. ಊರಲ್ಲಿ ಕೈ ಖಾಲಿ ಇದ್ದವರೇ ಇರಲಿಲ್ಲವಂತೆ.

ಈಗ ನನ್ನ ಮಾತಿಗೆ ಬರುತ್ತೇನೆ. ಮೊದಲು ಆ ಕಾರ್ಖಾನೆಗಳವರು ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದು ತಮ್ಮ ನೂಲಿನ ಬೆಲೆ ತಾವೇ ಇಳಿಸಿಕೊಳ್ಳುತ್ತಿದ್ದರು. ಹೀಗಾದರೆ ಎಲ್ಲರೂ ಮುಳುಗ್ತೀವಿ ಅಂತ 1778ರ ಹೊತ್ತಿಗೆ ಒಂದೇ ಕಂಪನಿ ಕಟ್ಟಿದರು. ಶೇರು ಕಡಿಮೆ ಅಂದರೆ 5000 ಪಿಯಾಸ್ಟರ್ (ಆಗಿನ ತುರ್ಕಿಯ ನಾಣ್ಯ), ಜಾಸ್ತಿ ಅಂದರೆ 20,000. ದುಡ್ಡಿದ್ದವನೇ ಎಲ್ಲ ಲಾಭ ನುಂಗಬಾರದು ಅಂತ ಮೇಲಿನ ಮಿತಿ. 5000 ಬಡವನ ಕೈಗೆ ಎಟಕುವ ದುಡ್ಡಲ್ಲ, ಆದ್ದರಿಂದ ಕೆಲಸಗಾರರು ತಮ್ಮ ತಮ್ಮಲ್ಲೇ ಗುಂಪು ಕಟ್ಟಿ ಚೂರುಪಾರು ಸೇರಿಸಿ ಒಂದೊಂದು ಶೇರು ಕೊಂಡರು. ಊರಿನ ಖರ್ಚು, ಶಾಲೆ, ಬಡವರ ಪಾಲು ಎಲ್ಲಾ ಲಾಭದಲ್ಲಿ ಮೊದಲೇ ತೆಗೆದಿಡುತ್ತಿದ್ದರು. ಜಗತ್ತಿನ ಮೊದಲ ಸಹಕಾರ ಸಂಘ ಇದೇ ಅಂತ ಆ ಊರಿನವರ ಹೆಮ್ಮೆ. ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಹೆಸರಾದ ಸಹಕಾರ ಸಂಘ ಶುರುವಾದದ್ದು 1844ರಲ್ಲಿ, ನಮ್ಮ ಗದಗದ ಹತ್ತಿರದ ಕಣಗಿನಹಾಳದ ಸಂಘ 1905ರಲ್ಲಿ. ಅಂಬೆಲಾಕಿಯಾದ್ದು ಪೂರ್ತಿ ಸಹಕಾರ ಸಂಘವೇ ಅಂದರೆ ನಾನು ಒಪ್ಪೋದಿಲ್ಲ. ದೊಡ್ಡ ವ್ಯಾಪಾರಿಗಳ ಮಾತಿಗೆ ತೂಕ ಇದ್ದೇ ಇತ್ತು. ಆದರೂ ಆ ಕಾಲಕ್ಕೆ ಅಂಥ ಯೋಚನೆ ಬಂದದ್ದೇ ದೊಡ್ಡದು.

ಮೊದಮೊದಲು ಲಾಭ ನೂರಕ್ಕೆ 60ರಿಂದ 100ರವರೆಗೂ ಬಂತು. ಎಡವಟ್ಟು ಅಲ್ಲಿಂದಲೇ. ಕಂಪನಿಯ ಒಂದು ನಿಯಮವನ್ನು ಮುರಿದರು ಅನ್ನೋ ತಂಟೆ ಎದ್ದಿತು, ಊರು ಎರಡು ಪಂಗಡವಾಯ್ತು. ಸ್ಕಾಟ್ಲೆಂಡಿನ ಡೇವಿಡ್ ಅರ್ಕ್‌ಹಾರ್ಟ್ ಅನ್ನೋ ಲೇಖಕ ಇದನ್ನು 1833ರಲ್ಲಿ ಬರೆದಿದ್ದಾನೆ. ಸಾಕ್ಷಿಗಳನ್ನು ಕಟ್ಟಿಕೊಂಡು ಕಾನ್‌ಸ್ಟಾಂಟಿನೋಪಲ್‌ಗೆ ಹೋದರು, ಥೆಸಲೊನೀಕಿಗೆ ಹೋದರು, ವಿಯೆನ್ನಾಕ್ಕೂ ಹೋದರು. ತೀರ್ಪಿಗಾಗಿ ಅಂಗಲಾಚೋದು, ತೀರ್ಪು ಬಂದರೆ ಒಪ್ಪೋದಿಲ್ಲ ಅನ್ನೋದು. ವರ್ಷಗಟ್ಟಲೆ ಇದೇ. ಕೊನೆಗೆ ಕಂಪನಿ ಎಷ್ಟು ಗುಂಪಿನಿಂದ ಆಗಿತ್ತೋ ಅಷ್ಟೇ ಚೂರಾಯ್ತು.

ಅವರು ಯಾಕೆ ಮುಳುಗಿದರು ಅಂತ ಯಾರನ್ನೇ ಕೇಳು, 1811ರಲ್ಲಿ ಆಸ್ಟ್ರಿಯಾ ಸರ್ಕಾರ ದಿವಾಳಿ ಎದ್ದು ನೋಟಿನ ಬೆಲೆ ಐದರಲ್ಲಿ ಒಂದು ಪಾಲಿಗೆ ಇಳಿದದ್ದನ್ನು ಹೇಳುತ್ತಾರೆ. ಇವರ ದುಡ್ಡೆಲ್ಲ ವಿಯೆನ್ನಾದಲ್ಲಿತ್ತು. ಸುಲ್ತಾನನ ಕೈಕೆಳಗೆ ಆ ಸೀಮೆ ಆಳುತ್ತಿದ್ದ ಯಾನಿನಾದ ಅಲಿ ಪಾಷಾನ ಸುಲಿಗೆ ಹೇಳುತ್ತಾರೆ, ನೆಪೋಲಿಯನ್ನನ ಯುದ್ಧ ಹೇಳುತ್ತಾರೆ, ಇಂಗ್ಲೆಂಡಿನ ಗಿರಣಿ ನೂಲು ಹೇಳುತ್ತಾರೆ. ಎಲ್ಲವೂ ನಿಜ. ಅದೇ ಗಿರಣಿ ನೂಲು ಮುಂದೆ ನಮ್ಮ ಸೀಮೆಯ ಹೆಂಗಸರ ರಾಟೆಯನ್ನೂ ನಿಲ್ಲಿಸಿತು, ಅದರ ಏಟು ನನಗೆ ಗೊತ್ತು. ಆದರೆ ಈ ಏಟುಗಳು ಬಿದ್ದಾಗ ಅವರು ಒಗ್ಗಟ್ಟಾಗಿ ಇರಲೇ ಇಲ್ಲವಲ್ಲ. ನಾನಿದ್ದ ನೇಕಾರರ ಸಂಘದಲ್ಲೂ ನಷ್ಟದ ವರ್ಷ ಎಲ್ಲರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಲಾಭ ಬಂದ ವರ್ಷವೇ ಸಭೆಯಲ್ಲಿ ಕುರ್ಚಿ ಹಾರಿದ್ದು.

ಊರಲ್ಲಿ ಶ್ವಾರ್ಟ್ಸ್ ಮನೆ ಅಂತ ಇದೆ, ಮರೆಯದೆ ಒಳಗೆ ಹೋಗಿ ನೋಡಿ. ಕಂಪನಿಯ ಮುಖ್ಯಸ್ಥನಾಗಿದ್ದ ಯಾರ್ಗೋಸ್ ಶ್ವಾರ್ಟ್ಸ್ 1787ರಿಂದ 1798ರವರೆಗೆ ಕಟ್ಟಿಸಿದ ಮೂರಂತಸ್ತಿನ ಮನೆ, ಈಗ ಮ್ಯೂಸಿಯಂ. ಮೇಲಿನ ಅಂತಸ್ತು ಬೇಸಿಗೆಗೆ, ನಡುವಿನದು ಚಳಿಗಾಲಕ್ಕೆ. ಗೋಡೆ, ಚಾವಣಿ ತುಂಬ ಬಣ್ಣದ ಚಿತ್ರಗಳು. ನಿನ್ನ ಗೆಳತಿಯರು ಅಲ್ಲೇ ಫೋಟೋ ತೆಗೆಯುತ್ತಾ ನಿಲ್ಲುತ್ತಾರೆ, ನಿಲ್ಲಲಿ. ಕಂಪನಿಯ ಕಚೇರಿ, ಖಜಾನೆ ಇದ್ದದ್ದು ಕೆಳಗಿನ ಅಂತಸ್ತಿನಲ್ಲಿ. ನೀನು ಅಲ್ಲಿ ಸ್ವಲ್ಪ ಹೊತ್ತು ಜಾಸ್ತಿ ನಿಲ್ಲು.

ನಿಮ್ಮದು ನಾಲ್ಕು ಸಮ ಪಾಲು ಅಂದೆ. ಹಾಗಿದ್ದರೆ ಇಬ್ಬರು ಈ ಕಡೆ, ಇಬ್ಬರು ಆ ಕಡೆ ನಿಂತರೆ ಯಾರ ಮಾತು ನಡೆಯುತ್ತದೆ? ಒಬ್ಬಳು ಮದುವೆಯಾಗಿ ಬೇರೆ ದೇಶಕ್ಕೆ ಹೋದರೆ ಅವಳ ಪಾಲಿಗೆ ಬೆಲೆ ಕಟ್ಟುವವರು ಯಾರು? ಈಗ ಕೇಳಿದರೆ ಅವರಿಗೆ ಬೇಜಾರಾಗುತ್ತೆ ಅಂತ ನೀನು ಸುಮ್ಮನಿರುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತಿಲ್ವಾ. ಅವ್ವ ಕೇಳ್ತಿದ್ದಾಳೆ ಅಂತ ನನ್ನ ಹೆಸರು ಹಾಕಿ ಕೇಳು. ಕರಾರಿನ ಕರಡು ಆದ ಮೇಲೆ ನನಗೂ ಒಂದು ಪ್ರತಿ ಕಳಿಸು. ಇಂಗ್ಲಿಷಿನಲ್ಲಿದ್ದರೂ ಪರವಾಗಿಲ್ಲ, ನಿಧಾನಕ್ಕೆ ಓದುತ್ತೇನೆ.

ಇಂತಿ,
ನಿನ್ನ ಅವ್ವ